ಕಾಫಿ ಆರುವಷ್ಟು ಹೊತ್ತು

ಅಬೂ ನಾಯೆಫ್ ಕಾಫಿಯ ಬಟ್ಟಲನ್ನು ತುಟಿಗೂ ತಾಗಿಸದೆ ಮುಂದಿನ ಮೇಜಿನ ಮೇಲಿಟ್ಟರು. ಕೋಣೆಯಲ್ಲಿದ್ದ ನಲವತ್ತು ಗಂಡಸರೂ ಮಾತು ನಿಲ್ಲಿಸಿದರು. ಹೆಣ್ಣು ಕೇಳಲು ಬಂದ ಹಿರಿಯ, ಕೇಳಿದ್ದು ಸಿಗುವ ತನಕ ಆ ಮನೆಯ ಕಾಫಿ ಕುಡಿಯುವುದಿಲ್ಲ. ಗಂಡಿನ ಊರು ಕರಕ್‌ನಲ್ಲೂ ಹಾಗೆಯೇ, ಹೆಣ್ಣಿನ ಊರು ಇರ್ಬಿದ್‌ನಲ್ಲೂ ಹಾಗೆಯೇ.

ಪರದೆಯ ಈಚೆ, ಹೆಂಗಸರ ಕೋಣೆಯಲ್ಲಿ, ಮೈಸೂನ್ ಅಜ್ಜಿಯ ಪಕ್ಕ ನಿಂತಿದ್ದಳು. ಪರದೆಯ ಸಂದಿಯಲ್ಲಿ ಮದುವೆ ಗಂಡು ಬಿಶರ್ ಕಾಣುತ್ತಿದ್ದ. ಹೊಸ ಕೋಟು ಬಿಗಿಯಾಗಿ ಕುತ್ತಿಗೆ ಆಡಿಸಲೂ ಆಗದೆ ಕೂತಿದ್ದ. ಕಳ್ಳನೋಟದಿಂದ ಇತ್ತ ನೋಡಿದ. ಅವಳು ಒಂದು ಹುಬ್ಬು ಹಾರಿಸಿದಳು. ಅವನ ಕಿವಿ ಕೆಂಪಾಯಿತು.

"ಅಬೂ ಹಾರಿಸ್," ಎಂದು ಬಿಶರ್‌ನ ದೊಡ್ಡಪ್ಪ ಅಬೂ ನಾಯೆಫ್ ಗಂಟಲು ಸರಿಮಾಡಿಕೊಂಡು ಅವಳ ಅಪ್ಪನ ಕಡೆ ತಿರುಗಿದರು. "ತೀರಿಹೋದ ನನ್ನ ತಮ್ಮನ ಮಗನಿಗೆ ನಿಮ್ಮ ಮಗಳನ್ನ ಕೇಳೋಕೆ ಬಂದಿದೀವಿ. ಎಂಥಾ ಹೆಣ್ಣುಮಗಳು! ನಲವತ್ತೆರಡು ಮೇಜಿನ ರೆಸ್ಟೋರೆಂಟನ್ನ ಒಬ್ಬಳೇ ನಡೆಸ್ತಾಳೆ. ಮ್ಯಾನೇಜರ್ ಮೈಸೂನ್ ಅಂದ್ರೆ ಕರಕ್‌ವರೆಗೂ ಹೆಸರು!"

ಹಾರಿದ ಹುಬ್ಬು ಅಲ್ಲೇ ನಿಂತಿತು.

ರೆಸ್ಟೋರೆಂಟಿನ ಬೀಗದ ಕೈ ಮಾಲೀಕನ ಮೇಜಿನ ಮೇಲಿಟ್ಟು ಅವಳು ಹೊರಬಂದು ನಾಲ್ಕು ವರ್ಷ ದಾಟಿತ್ತು. ಇಪ್ಪತ್ತೇಳನೇ ವಯಸ್ಸಿಗೆ, ಹದಿನೆಂಟರ ಮಕ್ಕಳ ನಡುವೆ ಕೂತು ನರ್ಸಿಂಗ್ ಓದಿದ್ದಳು. ಈಗ ಮೂರು ತಿಂಗಳಿಂದ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸ್. ಕಾಲೇಜಿನ ಪದಕ ಈ ಗಂಡಸರು ಕೂತಿದ್ದ ಕೋಣೆಯ ಗೋಡೆಯ ಮೇಲೆ, ಅಬೂ ನಾಯೆಫ್‌ರ ತಲೆಯ ಹಿಂದೆಯೇ ನೇತಾಡುತ್ತಿತ್ತು.

ಅವಳು ಯಾಕೆ ಬಿಟ್ಟಳು ಎಂದು ಊರೆಲ್ಲ ಮೂಗು ಮುರಿದಿತ್ತು. ಬಿಟ್ಟದ್ದು ಒಬ್ಬ ಗಿರಾಕಿಯಿಂದಾಗಿ. ಮನ್ಸಫ್ ಎಂಬ ಕುರಿಮಾಂಸದ ಅನ್ನ ತಿನ್ನುತ್ತಿದ್ದ ಮುದುಕ ತುತ್ತು ಗಂಟಲಿಗೆ ಸಿಕ್ಕಿ ನೀಲಿಯಾಗಿದ್ದ. ಹದಿನಾರು ಜನ ಕೆಲಸಗಾರರನ್ನು ಕಣ್ಸನ್ನೆಯಲ್ಲೇ ಕುಣಿಸುತ್ತಿದ್ದ ಮೈಸೂನ್ ಅಂದು ಕೂಗಿದಳೇ ಹೊರತು ಏನೂ ಮಾಡಲಾಗಲಿಲ್ಲ. ಮೂಲೆಯ ಮೇಜಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಕೈಯಲ್ಲಿ ಅನ್ನ ಮೆತ್ತಿಕೊಂಡೇ ಇತ್ತು. ಮುದುಕನನ್ನು ಬಗ್ಗಿಸಿ ಬೆನ್ನಿಗೆ ನಾಲ್ಕು ಗುದ್ದಿದಳು. ತುತ್ತು ಹೊರಬಿತ್ತು. ಅವಳು ಹೋಗಿ ಉಳಿದ ಅನ್ನ ತಿಂದಳು. "ನೀವು ಡಾಕ್ಟರಾ?" ಎಂದು ಮೈಸೂನ್ ಕೇಳಿದಾಗ, "ನರ್ಸು. ಸ್ವಲ್ಪ ಸಾರು ಹಾಕ್ತೀರಾ?" ಎಂದಳು. ಅಂದೇ ಮೈಸೂನ್‌ಗೆ ತನ್ನ ಕೆಲಸ ಸಪ್ಪೆಯಾಯಿತು.

ಅದು ಬಿಶರ್‌ಗೆ ಗೊತ್ತಿಲ್ಲದ ಕಥೆಯೇ? ಆಗ ಅವನು ರೆಸ್ಟೋರೆಂಟಿಗೆ ಜಮೀದ್ ಒದಗಿಸುತ್ತಿದ್ದ. ಮನ್ಸಫ್‌ನ ಸಾರಿಗೆ ಜೀವ ಕೊಡುವ, ಕುರಿ ಮಜ್ಜಿಗೆಯ ಕಲ್ಲಿನಂಥ ಉಂಡೆ. ಪ್ರತಿ ಗುರುವಾರ ಕರಕ್‌ನಿಂದ ತರುತ್ತಿದ್ದ. ಅವಳು ಉಂಡೆಯನ್ನು ಉಗುರಿನಿಂದ ಕೆರೆದು ನಾಲಿಗೆಗಿಟ್ಟು, "ಉಪ್ಪು ಜಾಸ್ತಿ," ಎನ್ನುತ್ತಿದ್ದಳು. ಉಪ್ಪು ಸರಿಯಿದ್ದರೂ ಹಾಗೆಯೇ ಎನ್ನುತ್ತಿದ್ದಳು. ಅವನು ವಾದಕ್ಕಿಳಿಯಲಿ, ಇನ್ನೊಂದು ಐದು ನಿಮಿಷ ನಿಲ್ಲಲಿ ಎಂದು.

ಅವಳು ಕೆಲಸ ಬಿಟ್ಟ ಮೇಲೂ ಅವನ ಗುರುವಾರ ತಪ್ಪಲಿಲ್ಲ. ಕಾಲೇಜಿನ ಗೇಟಿನೆದುರು ವ್ಯಾನ್ ನಿಲ್ಲಿಸಿ ಕಾಯುತ್ತಿದ್ದ. ಪರೀಕ್ಷೆಯ ಹಿಂದಿನ ದಿನ ಅವಳ ಪುಸ್ತಕ ಹಿಡಿದು ಔಷಧಿಗಳ ಹೆಸರು ಕೇಳಿ ಒಪ್ಪಿಸಿಕೊಳ್ಳುತ್ತಿದ್ದ. ಒಂದು ಹೆಸರನ್ನೂ ನೆಟ್ಟಗೆ ಓದಲು ಬರುತ್ತಿರಲಿಲ್ಲ.

"ಮೊದಲು ನಿನ್ನ ಕೈ ತುಪ್ಪದ ವಾಸನೆ ಬರ್ತಿತ್ತು," ಎಂದಿದ್ದ ಒಮ್ಮೆ. "ಈಗ ಆಸ್ಪತ್ರೆ ವಾಸನೆ."

"ಯಾವುದು ಇಷ್ಟ?"

"ಕೈ ಇಷ್ಟ."

ಅಂಥವನು ಇಂದು ನಲವತ್ತು ಜನರ ಮುಂದೆ ತುಟಿ ಹೊಲಿದುಕೊಂಡು ಕೂತಿದ್ದ. ಮೈಸೂನ್‌ಗೆ ಮೈಯೆಲ್ಲ ಉರಿದುಹೋಯಿತು. ಮೊಬೈಲ್ ತೆಗೆದು ಟೈಪ್ ಮಾಡಿದಳು: "ನಾನು ನರ್ಸ್ ಅಂತ ಮನೇಲಿ ಹೇಳೇ ಇಲ್ವಾ?"

ಅವನು ಕೋಟಿನ ಮರೆಯಲ್ಲಿ ಓದಿ ಉತ್ತರ ಬರೆದ. "ದೊಡ್ಡಪ್ಪ ಮ್ಯಾನೇಜರ್ ಹುಡುಗಿ ಅಲ್ವಾ ಅಂದ್ರು. ಹೂಂ ಅಂದುಬಿಟ್ಟೆ. ಮದುವೆ ಆದ್ಮೇಲೆ ನಿಧಾನಕ್ಕೆ ಹೇಳೋಣ ಅಂತ."

"ನಿಧಾನಕ್ಕೆ ಹೇಳೋಕೆ ನಾನೇನು ಕಾಯಿಲೆನಾ?"

ಆಚೆ ಅಪ್ಪ ಅತಿಥಿಯ ತಪ್ಪು ತಿದ್ದಲು ಸಂಕೋಚಪಟ್ಟು ಗಡ್ಡ ಕೆರೆಯುತ್ತಿದ್ದರು. ಇನ್ನೇನು "ಕಾಫಿ ಕುಡೀರಿ" ಎಂಬ ಮಾತು ಬಾಯಿಂದ ಬಿದ್ದರೆ ಮುಗಿಯಿತು. ಒಪ್ಪಿದ ಹಾಗೆ. ಸುಳ್ಳು ಹೆಸರಿನ ಹೆಣ್ಣನ್ನು ಕೊಟ್ಟ ಹಾಗೆ.

ಮೈಸೂನ್ ಅಜ್ಜಿಗೆ ಮೊಬೈಲ್ ತೋರಿಸಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ಓದಿ, ಪರದೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದಳು: "ಮಗಾ, ತಡಿ. ಆ ಕಾಫಿ ಅಲ್ಲೇ ಇರ್ಲಿ. ಅವ್ರ ಹುಡುಗ ಏನೋ ಮರ್ತಿದಾನಂತೆ, ಮೊದ್ಲು ಅದನ್ನ ಹೇಳ್ಲಿ."

ಹಿರಿಯರು ಹೆಣ್ಣು ಕೇಳುವ ಈ ಜಾಹಾದಲ್ಲಿ ಮದುಮಗ ಬಾಯಿ ಬಿಡುವುದಿಲ್ಲ. ಎಲ್ಲರೂ ಬಿಶರ್‌ನ ಕಡೆ ತಿರುಗಿದರು. ಅವನು ಎದ್ದು ನಿಂತ. "ದೊಡ್ಡಪ್ಪ, ತಪ್ಪು ನಂದು. ಮೈಸೂನ್ ಮ್ಯಾನೇಜರ್ ಅಲ್ಲ. ನರ್ಸ್."

"ನರ್ಸಾ?" ಅಬೂ ನಾಯೆಫ್ ಬಟ್ಟಲನ್ನು ಎರಡು ಬೆರಳಷ್ಟು ಆಚೆ ತಳ್ಳಿದರು. "ಜನಕ್ಕೆ ಹುಕುಂ ಮಾಡೋ ಕುರ್ಚಿ ಬಿಟ್ಟು, ಕಂಡೋರ ಮೈ ಒರೆಸೋಕೆ ಹೋದ್ಲಾ? ಅಬೂ ಹಾರಿಸ್, ಬೇಜಾರು ಮಾಡ್ಕೋಬೇಡಿ. ಮದುವೆ ಆದ್ಮೇಲೆ ಆ ಕೆಲಸ ಬಿಡ್ಲಿ, ಅಷ್ಟೇ."

ಮೈಸೂನ್ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಳು. ನಾಲ್ಕು ವರ್ಷ ಓದಿದ್ದು ಒಂದು 'ಅಷ್ಟೇ'ಗೆ ಮುಗಿಯಿತೇ? ಇವನು ಈಗಲೂ ಹೂಂ ಎಂದರೆ, ಈ ಪ್ರೀತಿಯೂ ಆ ಕಾಫಿಯ ಜೊತೆ ಸಿಂಕಿಗೆ. ಅವಳು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಳು. ಎದೆ ಮಾತ್ರ ಅವನನ್ನೇ ಬೇಡುತ್ತಿತ್ತು.

"ದೊಡ್ಡಪ್ಪ, ಒಂದು ಕೇಳ್ತೀನಿ," ಎಂದ ಬಿಶರ್. ದನಿ ಸಣ್ಣಗಿತ್ತು. "ಅಪ್ಪ ಹನ್ನೊಂದು ವಾರ ಆಸ್ಪತ್ರೇಲಿ ಅಲ್ಲಾಡದೆ ಮಲಗಿದ್ರಲ್ಲ, ಎರಡೆರಡು ಗಂಟೆಗೆ ಅವ್ರ ಮಗ್ಗುಲು ಬದಲಾಯಿಸ್ತಿದ್ದಿದ್ದು ಯಾರು? ನಾನಾ? ನೀವಾ?"

ಅಬೂ ನಾಯೆಫ್ ಬಟ್ಟಲಿನಿಂದ ಬೆರಳು ಹಿಂತೆಗೆದರು.

"ಬೆನ್ನಲ್ಲಿ ಒಂದು ಹುಣ್ಣಾಗ್ಲಿಲ್ಲ. ಅಪ್ಪ ಶುಭ್ರವಾಗಿ ಹೋದ್ರು. ನಾವು ಡಾಕ್ಟರ್‌ಗೆ ಒಂದು ಕುರಿ ಕೊಟ್ವಿ. ಆ ನರ್ಸಿನ ಹೆಸರೇನು, ದೊಡ್ಡಪ್ಪ?" ಅವನು ಒಮ್ಮೆ ಪರದೆಯ ಕಡೆ ನೋಡಿದ. "ನಂಗೂ ಗೊತ್ತಿಲ್ಲ. ಕೇಳ್ಲೇ ಇಲ್ಲ. ಇವತ್ತು ಇವಳ ಹೆಸರಿನ ಜೊತೇನೂ ಅದೇ ಮಾಡೋಕೆ ಹೊರಟಿದ್ದೆ."

ಅಬೂ ನಾಯೆಫ್ ತಮ್ಮ ದೊಡ್ಡ ಅಂಗೈಗಳನ್ನೇ ನೋಡುತ್ತಾ ಕೂತರು. "ಸಿಸ್ಟರ್, ಸಿಸ್ಟರ್ ಅಂತಿದ್ವಿ," ಎಂದರು ಕೊನೆಗೆ. "ತಮ್ಮ ಅವಳ ಕೈಯಲ್ಲಿ ಮಾತ್ರ ಊಟ ಮಾಡ್ತಿದ್ದ." ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡರು. ಮತ್ತೆ ನೆಟ್ಟಗೆ ಕೂತು, ಮೊದಲಿನಿಂದ ಶುರು ಮಾಡಿದರು. "ಅಬೂ ಹಾರಿಸ್, ನನ್ನ ತಮ್ಮನ ಮಗನಿಗೆ, ನಿಮ್ಮ ಮಗಳು ನರ್ಸ್ ಮೈಸೂನ್‌ನ ಕೇಳೋಕೆ ಬಂದಿದೀವಿ."

"ಕೆಲಸ?" ಎಂದರು ಮೈಸೂನ್‌ಳ ಅಪ್ಪ.

"ಅವಳ ಕೆಲಸ ಅವಳದು. ಇಷ್ಟು ಜನ ಸಾಕ್ಷಿ."

ಅಪ್ಪ ಪರದೆಯ ಕಡೆ ನೋಡಿದರು. ಅಜ್ಜಿ ಮೊಮ್ಮಗಳ ಸೊಂಟ ಚಿವುಟಿದಳು. ಮೈಸೂನ್ ತಲೆಯಾಡಿಸಿದಳು, ಸಿಟ್ಟಿನಲ್ಲೇ. ಅಜ್ಜಿ ಪರದೆಯ ಆಚೆ ಕೈ ಚಾಚಿ, ಆಯ್ತು ಎಂದು ಸನ್ನೆ ಮಾಡಿದಳು.

"ಹಾಗಾದ್ರೆ ಕಾಫಿ ಕುಡೀರಿ, ಅಬೂ ನಾಯೆಫ್. ಅಯ್ಯೋ, ಆರಿಹೋಗಿದೆ! ಬಿಸಿದು ತರಿಸ್ತೀನಿ."

"ಬೇಡ ಅಪ್ಪ," ಎಂದಿತು ಪರದೆಯ ಹಿಂದಿನ ದನಿ. "ಅದನ್ನೇ ಕುಡೀಲಿ."

ನಲವತ್ತು ಜನ ಘೊಳ್ಳೆಂದು ನಕ್ಕರು. ಅಬೂ ನಾಯೆಫ್ ಆ ತಣ್ಣಗಿನ ಕಹಿಯನ್ನು ಒಂದೇ ಗುಟುಕಿಗೆ ಕುಡಿದು ಮುಖ ಕಿವುಚಿದರು. ಹೆಂಗಸರ ಸಂಭ್ರಮದ ಲುಲುಲು ಕೂಗು ಬೀದಿಯವರೆಗೂ ಕೇಳಿಸಿತು.

ಸಿಹಿ ಹಂಚುವ ಗದ್ದಲದಲ್ಲಿ ಬಿಶರ್ ಮೆಟ್ಟಿಲ ಬಳಿ ಅವಳನ್ನು ಹಿಡಿದ. "ಸಿಟ್ಟು ಹೋಯ್ತಾ?"

"ಇಲ್ಲ."

"ಏನು ಮಾಡಿದ್ರೆ ಹೋಗುತ್ತೆ?"

"ಆ ನರ್ಸಿನ ಹೆಸರು ಕೇಳ್ಕೊಂಡು ಬಾ. ಮದುವೆ ಕರೆಯೋಲೆ ಮೊದಲನೇದು ಅವಳಿಗೆ. ಅಲ್ಲಿವರೆಗೆ ನನ್ನ ಮುಖ ನೋಡ್ಬೇಡ."

"ನೋಡ್ತಾ ಇದೀನಲ್ಲ ಈಗ?"

"ಕಣ್ಣು ಮುಚ್ಕೋ."

ಅವನು ವಿಧೇಯನಾಗಿ ಕಣ್ಣು ಮುಚ್ಚಿಕೊಂಡ. ಅವಳು ಅವನ ಕೋಟಿನ ಕಾಲರ್ ನೆಟ್ಟಗೆ ಮಾಡಿ ಒಳಗೆ ಹೋದಳು.

ಗುರುವಾರ ಮೈಸೂನ್ ಪಾಳಿ ಮುಗಿಸಿ ಹೊರಬಂದಾಗ ಆಸ್ಪತ್ರೆಯ ಗೇಟಿನೆದುರು ವ್ಯಾನ್ ನಿಂತಿತ್ತು. ಬಿಶರ್ ಏನೂ ಹೇಳದೆ ಬಟ್ಟೆಯಲ್ಲಿ ಸುತ್ತಿದ ಒಂದು ಜಮೀದ್ ಉಂಡೆ ಅವಳ ಕೈಗಿಟ್ಟ. ಜೊತೆಗೊಂದು ಮದುವೆ ಕಾರ್ಡು. ಅದರ ಮೇಲೆ ಅವನ ಸೊಟ್ಟ ಅಕ್ಷರ: 'ನರ್ಸ್ ಇಬ್ತಿಹಾಜ್ ಅವರಿಗೆ.'

ಮೈಸೂನ್ ಅದನ್ನು ಎರಡು ಸಲ ಓದಿದಳು. ಉಗುರಿನಿಂದ ಉಂಡೆಯನ್ನು ಕೆರೆದು ನಾಲಿಗೆಗಿಟ್ಟಳು. ಬಿಶರ್ ವಾದಕ್ಕೆ ಸಿದ್ಧನಾಗಿ ನಿಂತಿದ್ದ.

"ಉಪ್ಪು ಸರಿಯಾಗಿದೆ," ಎಂದಳು.