ಐವತ್ತೈದನೇ ದಿನದ ಟೊಮೆಟೊ

"ಅಕ್ಕಾ, ನಿನ್ನ ಟೊಮೆಟೊಗೆ ನಾಚಿಕೇನೇ ಇಲ್ಲ. ಇನ್ನೂ ಕೆಂಪಾಗ್ಲಿಲ್ಲ!"

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ತಮ್ಮ ಹೇಳಿದ. ಪೇಸ್ಟಿನ ನೊರೆ ಅಂಗಿಯ ಮೇಲೆ ಬಿತ್ತು.

"ಮೊದಲು ಬಾಯಿ ಮುಕ್ಕಳಿಸು ಹೋಗೋ."

ಅವನ ಅಕ್ಕ ಕಡ್ಡಿ ಹಿತ್ತಿಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ಇನ್ನೊಂದು ಗೀಟು ಎಳೆದಳು. ಐವತ್ತೆಂಟು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ತೆಳ್ಳಗಿದ್ದಾಳೆಂದು ಮನೆಯವರೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು.

ಮೂರು ಗಿಡಗಳಲ್ಲೂ ಕಾಯಿಗಳಿದ್ದವು. ಕಲ್ಲಿನ ಹಾಗೆ ಗಟ್ಟಿ, ಹಸಿರು.

ಹೋದ ವರ್ಷ ಹೀಗಿರಲಿಲ್ಲ. ಅಪ್ಪ ಬೀಜದ ಪೊಟ್ಟಣ ತಂದಿದ್ದ. 'ಹೈಬ್ರಿಡ್. ಸಸಿ ನೆಟ್ಟ ಐವತ್ತೈದು ದಿನಕ್ಕೆ ಹಣ್ಣು' ಎಂದು ಅದರ ಮೇಲಿತ್ತು. ದಿನಕ್ಕೊಂದು ಗೀಟು ಎಳೆಯುವುದನ್ನು ಕಲಿಸಿದ್ದೂ ಅಪ್ಪನೇ. ಐವತ್ತನಾಲ್ಕನೇ ದಿನ ಮೊದಲ ಹಣ್ಣು ಕಿತ್ತು, ಪೊಟ್ಟಣದ ಮೇಲೆ ಪೆನ್ನಿನಿಂದ '54. ಗೆದ್ದೆ!' ಎಂದು ಬರೆದಿದ್ದ. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಹಣ್ಣನ್ನು ಅಂಗೈಯಲ್ಲೇ ಹಿಡಿದು ನಾಲ್ಕು ಹೋಳು ಮಾಡಿದ್ದ. ಮೇಲೆ ಚಿಟಿಕೆ ಉಪ್ಪು. ಅಮ್ಮ ಅವತ್ತು ಎಷ್ಟು ನಕ್ಕಿದ್ದಳು.

ಆಮೇಲೆ ಅಪ್ಪ ಕಾಯಿಲೆ ಬಿದ್ದ. ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ.

ಅಪ್ಪ ಕೊನೆಯದಾಗಿ ಕಿತ್ತಿಟ್ಟಿದ್ದ ಹಣ್ಣಿನ ಬೀಜಗಳನ್ನು ಕಡ್ಡಿ ತೊಳೆದು, ಪೇಪರಿನ ಮೇಲೆ ಒಣಗಿಸಿ, ಅದೇ ಖಾಲಿ ಪೊಟ್ಟಣದೊಳಗೆ ಎತ್ತಿಟ್ಟಿದ್ದಳು. ಅದೇ ಬೀಜ, ಅದೇ ಹಿತ್ತಿಲು. ಅದೇ ಹಣ್ಣು ಬಂದರೆ ಅಮ್ಮ ಮತ್ತೆ ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ಕಡ್ಡಿ ಇದನ್ನು ಯಾರಿಗೂ ಹೇಳಿರಲಿಲ್ಲ.

ಅಮ್ಮನಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ. ಇಡೀ ದಿನ ನಿಂತೇ ಇರಬೇಕು. ಗಿರಾಕಿಗಳು ಹರವಿ ಬಿಟ್ಟುಹೋದದ್ದನ್ನೆಲ್ಲ ಮತ್ತೆ ಮಡಚಬೇಕು. ಸಂಜೆ ಮನೆಗೆ ಬಂದರೆ ಬಿಸಿನೀರಿನ ಬಕೆಟ್‌ನಲ್ಲಿ ಕಾಲು ಅದ್ದಿಕೊಂಡು, ಅಡುಗೆಮನೆಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಊಟವೂ ಅಲ್ಲೇ, ಅರ್ಧ ತಟ್ಟೆ. ಹಿತ್ತಿಲಿನತ್ತ ಕಾಲಿಡುತ್ತಿರಲಿಲ್ಲ. ಬಟ್ಟೆ ಒಣಹಾಕುವುದು ಈಗ ಕಡ್ಡಿಯ ಕೆಲಸವಾಗಿತ್ತು.

ಅರುವತ್ತು. ಅರುವತ್ತೆರಡು. ನೀರು ಸಾಲದೇನೋ ಎಂದು ಕಡ್ಡಿ ಎರಡು ಹೊತ್ತೂ ನೀರು ಹಾಕಿದಳು. ಎರಡು ಕಾಯಿ ಒಡೆದವು, ಅಷ್ಟೇ.

ಗಿಡಗಳೂ ಒಂದರಂತೆ ಒಂದಿರಲಿಲ್ಲ. ಒಂದು ಬಟ್ಟೆಯ ಹಗ್ಗ ಮುಟ್ಟುವಷ್ಟು ಎತ್ತರ. ಒಂದು ತಮ್ಮನ ಮೊಣಕಾಲಿಗೂ ಬಾರದು. ಮೂರನೆಯದರ ಕಾಯಿ ಗುಂಡಗಿರದೆ ಉದ್ದಕ್ಕಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ಪೊಟ್ಟಣವನ್ನೂ ಒಂದು ಕಾಯಿಯನ್ನೂ ಹಿಡಿದು ಬೀಜದಂಗಡಿಗೆ ಹೋದಳು. ಅಂಗಡಿಯ ಮಾಮ ಕನ್ನಡಕ ಹಣೆಗೇರಿಸಿ ನೋಡಿದರು.

"ಪೊಟ್ಟಣ ನಮ್ಮದೇ. ಬೀಜ ಎಲ್ಲಿದು?"

"ಹೋದ ವರ್ಷದ ಹಣ್ಣಿಂದು. ನಾನೇ ಎತ್ತಿಟ್ಟಿದ್ದೆ."

"ಅಯ್ಯೋ ಮರಿ! ಹೈಬ್ರಿಡ್ ಬೀಜ ಯಾರಾದ್ರೂ ಎತ್ತಿಡ್ತಾರಾ? ಇದು ಎರಡು ಜಾತಿ ಸೇರಿಸಿ ಮಾಡಿದ್ದು. ಈ ಹಣ್ಣಿನ ಬೀಜ ಹಾಕಿದ್ರೆ ಮಕ್ಕಳೆಲ್ಲ ದಿಕ್ಕಿಗೊಬ್ಬರು. ಒಂದು ಅಜ್ಜನ ಥರ, ಒಂದು ಅಜ್ಜಿ ಥರ. ಇನ್ನೊಂದು ಯಾರ ಥರಾನೂ ಅಲ್ಲ."

"ಹಾಗಾದ್ರೆ ನಾನು ನೀರು ಹಾಕಿದ್ದರಲ್ಲಿ ತಪ್ಪೇನಿಲ್ವಾ?"

"ನಿಂದೇನೂ ತಪ್ಪಿಲ್ಲಮ್ಮ."

ಕಡ್ಡಿ ಕಾಯಿಯನ್ನು ಮಾಮನ ಕಡೆಗೆ ಸರಿಸಿದಳು.

"ಆ ಹಳೇ ಟೊಮೆಟೊ ಇದರೊಳಗೆ ಸ್ವಲ್ಪಾನೂ ಇಲ್ವಾ ಮಾಮ?"

ಮಾಮ ಕಾಯಿಯನ್ನು ತಿರುಗಿಸಿ ನೋಡಿದರು. "ಇದೆ. ಇಲ್ಲದೆ ಏನು? ಯಾವ ಗಿಡದಲ್ಲಿ ಎಷ್ಟಿದೆ ಅಂತ ಹೇಳೋಕಾಗಲ್ಲ. ತಗೋ, ಹೊಸ ಪೊಟ್ಟಣ ಬಂದಿದೆ. ಐವತ್ತೈದು ದಿನ, ಗ್ಯಾರಂಟಿ."

ಅದೇ ಚಿತ್ರ, ಅದೇ ಬಣ್ಣ. ಪೆನ್ನಿನಲ್ಲಿ ಬರೆದದ್ದು ಮಾತ್ರ ಇರಲಿಲ್ಲ.

"ಆಮೇಲೆ ಬರ್ತೀನಿ ಮಾಮ."

ಅವತ್ತಿನಿಂದ ಗೀಟು ಎಳೆಯುವಾಗ ಅವಳು ಗಿಡದ ಕಡೆ ನೋಡಲೇ ಇಲ್ಲ. ಎಳೆಯುವುದನ್ನು ಮಾತ್ರ ಬಿಡಲಿಲ್ಲ.

ಎಪ್ಪತ್ತೊಂದನೇ ಗೀಟಿನ ಸಂಜೆ ತಮ್ಮ ಓಡಿಬಂದ. "ಅಕ್ಕಾ, ಒಂದಕ್ಕೆ ನಾಚಿಕೆ ಬಂತು! ಆದರೆ ಸರಿಯಾಗಿ ಬಂದಿಲ್ಲ, ಅರ್ಧಂಬರ್ಧ!"

ಉದ್ದನೆಯ ಕಾಯಿಯೊಂದು ಹಣ್ಣಾಗಿತ್ತು. ಕೆಂಪಲ್ಲ, ಕಿತ್ತಳೆ ಬಣ್ಣ. ತುದಿಯಲ್ಲೊಂದು ಸೊಟ್ಟ ಮೂಗು. ಕಡ್ಡಿ ಅದನ್ನು ಕಿತ್ತು ಲಂಗದ ಜೇಬಿಗೆ ಹಾಕಿಕೊಂಡಳು. ಇದನ್ನು ಅಮ್ಮನಿಗೆ ಹೇಗೆ ತೋರಿಸುವುದು?

"ಜೇಬಲ್ಲಿ ಹಿಸುಕಿ ಹೋಗತ್ತೆ, ತೆಗಿ."

ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಚಾಕು. ಬಕೆಟ್ ಕೆಳಗಿಟ್ಟು, ಮೆಟ್ಟಿಲ ಮೇಲೆ ಮೆಲ್ಲಗೆ ಕೂತು, ನೀರಿನೊಳಗೆ ಕಾಲು ಬಿಟ್ಟಳು. "ಅಬ್ಬಾ" ಎಂದಳು.

"ಇದು ಅದಲ್ಲಮ್ಮ," ಎಂದಳು ಕಡ್ಡಿ. "ಬೀಜ ಎತ್ತಿಡಬಾರದಿತ್ತಂತೆ. ಅದೇ ಥರ ಬರೋದೇ ಇಲ್ವಂತೆ."

"ಗೊತ್ತು."

"ನಿಂಗೆ ಗೊತ್ತಿತ್ತಾ?"

"ನಿಮ್ಮಪ್ಪ ಹೇಳಿದ್ರು, ಹೋದ ವರ್ಷಾನೇ."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

ಅಮ್ಮ ನೀರಿನಲ್ಲಿ ಕಾಲು ಆಡಿಸಿದಳು. "ಹೇಳೋಣ ಅಂತ ದಿನಾ ಅನ್ಕೋತಿದ್ದೆ. ಸಂಜೆ ಹೊತ್ತಿಗೆ ಸುಸ್ತಾಗಿರ್ತಿತ್ತು." ಗಿಡಗಳ ಕಡೆ ನೋಡಿ ಹೇಳಿದಳು, "ಆಮೇಲೆ ಮೂರೂ ಮೂರು ಥರ ಬೆಳೆಯೋಕೆ ಶುರುವಾಯ್ತು. ಕಿಟಕಿಯಿಂದ ಕಾಣ್ತಿತ್ತು. ಏನು ಬರತ್ತೋ ನೋಡೋಣ ಅನ್ನಿಸ್ತು."

ಅವಳು ಹಣ್ಣನ್ನು ಅಂಗೈಯಲ್ಲಿಟ್ಟು ಚಾಕು ಹಿಡಿದಳು. ಚಾಕು ಹಣ್ಣಿನ ನಡುವಿಗೆ ಬಂದು ನಿಂತಿತು. ನಾಲ್ಕು ಹೋಳು ಮಾಡುವುದು ಸುಲಭ, ಅರ್ಧದಲ್ಲಿ ಅರ್ಧ. ಮೂರು ಮಾಡುವುದು ಕಷ್ಟ. ಅಮ್ಮ ಚಾಕುವನ್ನು ಆಚೆಗೆ ಸರಿಸಿದಳು, ಈಚೆಗೆ ಸರಿಸಿದಳು.

ಕೊನೆಗೂ ಮೂರಾಯಿತು. ಒಂದು ದೊಡ್ಡದು, ಎರಡು ಚಿಕ್ಕವು.

ತಮ್ಮ ಉಪ್ಪಿನ ಡಬ್ಬಿಯನ್ನೇ ಎತ್ತಿಕೊಂಡು ಬಂದ. ತನ್ನ ಹೋಳು ಬಾಯಿಗೆ ಹಾಕಿಕೊಂಡವನು ಒಂದು ಕಣ್ಣು ಮುಚ್ಚಿದ. "ಹುಳೀ! ಆದ್ರೆ ಚೆನ್ನಾಗಿದೆ. ಆದ್ರೆ ಹುಳಿ!"

ಅಮ್ಮ ದೊಡ್ಡ ಹೋಳನ್ನು ಕಡ್ಡಿಯ ಕಡೆ ಚಾಚಿದಳು. ಕಡ್ಡಿ ಅದರ ಮೇಲೆ ಚಿಟಿಕೆ ಉಪ್ಪು ಉದುರಿಸಿ, ಅಮ್ಮನ ಕೈಯನ್ನು ಅಮ್ಮನ ಬಾಯಿಯ ಕಡೆಗೇ ತಿರುಗಿಸಿದಳು. ಆಮೇಲೆ ಚಿಕ್ಕ ಹೋಳು ತೆಗೆದುಕೊಂಡು ಪಕ್ಕದಲ್ಲಿ ಕೂತಳು.

ಅಮ್ಮ ನಿಧಾನವಾಗಿ ತಿಂದಳು. ಪೂರ್ತಿ ತಿಂದಳು.

ಕತ್ತಲಾಗುವ ಮುಂಚೆ ಕಡ್ಡಿ ಪೆನ್ನು ಹುಡುಕಿ ತಂದಳು. ಪೊಟ್ಟಣದ ಮೇಲೆ, ಅಪ್ಪನ ಅಕ್ಷರದ ಕೆಳಗೆ, '71' ಎಂದು ಬರೆದಳು. ಮುಂದೆ ಇನ್ನೇನು ಬರೆಯಬೇಕೋ ಗೊತ್ತಾಗಲಿಲ್ಲ. ಅಲ್ಲಿ ಜಾಗ ಬಿಟ್ಟಳು.