ವೈ ಕೀ ಮೇಲೆ ಗುಟ್ಕಾ ಡಬ್ಬಿ

"ಥೂ! ಹೊಲಸು ಮನುಷ್ಯಾ!"

ಸರ್ವರ್ ರೂಮಿನ ಬಾಗಿಲು ತೆಗೆದ ಶೈಲಶ್ರೀ ಮೂಗು ಮುಚ್ಚಿಕೊಂಡಳು. ಕೀಬೋರ್ಡಿನ ವೈ ಕೀ ಮೇಲೆ ಒಂದು ಗುಟ್ಕಾ ಡಬ್ಬಿ ಕೂತಿತ್ತು. ಸುತ್ತ ಕೆಂಪು ಎಂಜಲು! ಪಕ್ಕದಲ್ಲಿ ಸರ್ವರಿನ ವೈರ್ ಕಿತ್ತು ಹಿಡಿದುಕೊಂಡು, ಮೊನ್ನೆ ತಾನೇ ಕೆಲಸಕ್ಕೆ ಸೇರಿದ ಗುರುಶಾಂತ ನಿಂತಿದ್ದ.

"ಕನ್ನಡದಾಗ ಬೈದ್ರಿ? ಯಾವೂರ್ರಿ ನಿಮ್ದು?"

ತೆಲುಗು ನಾಡಿನ ಮಾಧಾಪುರದ ಆಫೀಸಿನಲ್ಲಿ ತನ್ನ ಬೈಗುಳ ಯಾರಿಗೂ ತಿಳಿಯದು ಅಂದುಕೊಂಡಿದ್ದಳು ಪಾಪ!

"ಊರು ಕಟ್ಕೊಂಡು ಏನ್ಮಾಡ್ತೀರಿ? ಚಾಲೂ ಇರೋ ಡಿಸ್ಕಿಗೆ ರಿಪೇರಿ ಪ್ರೋಗ್ರಾಮ್ ಹಚ್ಚೀರಿ! ಅದು ಕೇಳಿದ್ದಕ್ಕೆಲ್ಲ 'ಹೌದು' ಅನ್ನಾಕ ವೈ ಮ್ಯಾಲೆ ಡಬ್ಬಿ ಬ್ಯಾರೆ ಇಟ್ಟೀರಿ!"

"ನಾ ಇಟ್ಟಿಲ್ರಿ. ಒಂದೊಂದು ಹೌದಿಗೂ ಫೈಲ್ ಹಾಳಾಗಾಕತ್ತಿದ್ವು. ಅದಕ್ಕ ವೈರ್ ಕಿತ್ತೆ."

"ಮತ್ತ ಯಾರು ಇಟ್ರು?"

"ನೋಡಿಲ್ರಿ. ನೋಡದ ಯಾರ ಹೆಸರು ಹೇಳ್ಲಿ?"

ಎಂಥಾ ಸುಳ್ಳ! ಅವಳ ಮೈಯೆಲ್ಲ ಉರಿಯಿತು. ಆಸ್ಪತ್ರೆಗಳ ರೋಗಿಗಳ ವರದಿಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಬ್ಯಾಕಪ್ ಟೇಪ್ ಕೆಟ್ಟು ಕೂತಿತ್ತು. ವರದಿಗಳು ಹೋದರೆ ಅವಳ ನೌಕರಿಯೂ ಹೋದಂತೆ... ಸೀದಾ ಹೋಗಿ, ಹೊಸಬ ಸರ್ವರಿನ ವೈರ್ ಕಿತ್ತು ಡಿಸ್ಕು ಹಾಳು ಮಾಡಿದ ಎಂದು ಮ್ಯಾನೇಜರ್ ನರಹರಿಗೆ ದೂರು ಕೊಟ್ಟಳು.

"ಸಂಜೆಗೆ ಅವನು ಮನೆಗೆ" ಎಂದ ನರಹರಿ.

ಆದರೆ ಗುರುಶಾಂತ ಸಂಜೆಯವರೆಗೂ ಕದಲಲಿಲ್ಲ. "ಆ ಡಿಸ್ಕಿನ ಮ್ಯಾಲೆ ಏನೂ ಬರೀಬ್ಯಾಡ್ರಿ. ಮೊದಲ ಇನ್ನೊಂದರಾಗ ನಕಲು ತಗೀರಿ" ಎಂದು ತಾನೇ ವೈರ್ ಜೋಡಿಸಿ ಕೊಟ್ಟ. ಆ ಕೀಬೋರ್ಡನ್ನೂ ಒರೆಸಿದ. ಅವಳು ಮೂಗು ಮುಚ್ಚಿಕೊಂಡೇ ಕೂತಿದ್ದಳು. ಅವನ ಹಲ್ಲಿನ ಮೇಲೆ ಗುಟ್ಕಾ ಕಲೆಯೇ ಇಲ್ಲವಲ್ಲ ಎಂದು ಒಮ್ಮೆ ಅನಿಸಿತು... ಅನಿಸಿದ್ದಕ್ಕೇ ಸಿಟ್ಟು ಬಂತು.

ಕೆಟ್ಟ ಜಾಗ ಬಿಟ್ಟು ಉಳಿದದ್ದೆಲ್ಲ ನಕಲಾಗತೊಡಗಿತು. ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡು, "ಲಿಂಗಂಪಲ್ಲಿಗೆ ಹೋಗಿ ಊರಿನ ರೈಲು ಹಿಡೀತೀನ್ರಿ" ಎಂದು ಹೊರಟುಹೋದ.

ಸ್ವಲ್ಪ ಹೊತ್ತಿಗೆ ವರದಿಗಳು ಒಂದೊಂದಾಗಿ ತೆರೆದವು. ನಾಲ್ಕಾರು ಬಿಟ್ಟರೆ ಎಲ್ಲವೂ ಇದ್ದವು! ಶೈಲಶ್ರೀಗೆ ಅಳುವೇ ಬಂತು.

ನರಹರಿ ಬಂದು ಪರದೆ ನೋಡಿ ಹಿಗ್ಗಿ ತೆಲುಗಿನಲ್ಲಿ ಹೇಳಿದ. "ಚೂಡಮ್ಮಾ, ನೋಡು! ನನ್ನ ಐಡಿಯಾ ಹೇಗಿದೆ? ಎಷ್ಟು ಸಲ ವೈ ಒತ್ತೋದು ಅಂತ ಡಬ್ಬಿ ಇಟ್ಟು ಚಾ ಕುಡಿಯೋಕೆ ಹೋಗಿದ್ದೆ. ಎಲ್ಲಾ ರಿಪೇರಿ ಆಯ್ತು!"

ಅವನ ಕೆಂಪು ಹಲ್ಲು ಕಂಡು ಅವಳಿಗೆ ಹೇಸಿಗೆಯಾಯಿತು. ತನ್ನ ಮೇಲೆ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು.

"ರಿಪೇರಿ ಅಲ್ರೀ ಸರ್, ನೀವು ಹಾಳು ಮಾಡಿದ್ರಿ! ಉಳಿಸಿದವನನ್ನ ಓಡಿಸಿದ್ರಿ. ನಾನೂ ಕೂಡಿ ಓಡಿಸಿದೆ. ಇದನ್ನ ಮಾಲಕರ ಮುಂದೂ ಹೇಳ್ತೀನಿ!"

ಅಲ್ಲಿಂದ ಆಟೋ ಹಿಡಿದು ಲಿಂಗಂಪಲ್ಲಿ ಸ್ಟೇಷನ್ನಿಗೆ ಓಡಿದಳು. ಯಾದಗಿರಿ ಕಡೆಯ ರೈಲಿಗೆ ಕಾಯುತ್ತಿದ್ದವ ಅವಳನ್ನು ಕಂಡು ಎದ್ದು ನಿಂತ.

"ಡಾಟಾ ಬಂತೇನ್ರಿ?"

ಬೈದವಳಿಗೆ ಬೈಯಲಿಲ್ಲ, ಕಳೆದ ನೌಕರಿಯ ಮಾತೆತ್ತಲಿಲ್ಲ... ಮೊದಲು ಅದನ್ನೇ ಕೇಳಿದನಲ್ಲ!

"ಬಂತು. ಡಬ್ಬಿ ನರಹರಿದು. ತಪ್ಪಾತು ನಂದು. ನಾಳೆ ಮಾಲಕರ ಮುಂದ ಎಲ್ಲಾ ಹೇಳ್ತೀನಿ."

"ನೀವು ನಂಬಿದ್ರಿ, ಸಾಕು."

"ನನಗ ಸಾಕಿಲ್ಲ!" ಅವಳು ಜೋರಾಗಿಯೇ ಅಂದಳು. ಪಕ್ಕದವರು ತಿರುಗಿ ನೋಡಿದರು. "ಇಡೀ ದಿನ ಬೈಸ್ಕೊಂಡು ನನ್ನ ಪಕ್ಕಕ್ಕ ಕೂತ್ರಿ. ಹಂಗ ಯಾರೂ ಕೂತಿಲ್ಲ. ನೀವು ಹೋದ್ರ... ನನಗ ಭಾಳ ಬ್ಯಾಸರ ಆಗ್ತದ ರೀ."

ರೈಲು ಬಂತು. ಅವನು ಹತ್ತಲಿಲ್ಲ.

"ಬೆಳಗಿನಿಂದ ಏನರ ತಿಂದೀರೇನು?" ಎಂದು ಕೇಳಿದ.

"ಇಲ್ಲ."

"ನಡೀರಿ, ಮೊದಲ ಊಟ ಮಾಡೂಣು."

"ರೈಲು ಹೋಗಾಕತ್ತೈತಿ..."

"ಹೋಗ್ಲಿ ಬಿಡ್ರಿ. ನಾ ಇಲ್ಲೇ ಇರ್ತೀನಿ."