ಬಣ್ಣಗೆಟ್ಟ ಸರಸ್ವತಿ

ದೇವರ ಜಗಲಿಯ ಮೇಲಿದ್ದ ಸರಸ್ವತಿಯ ಪಟ ತಮ್ಮದಲ್ಲ ಎಂದು ಶಂಕ್ರೆವ್ವ ಆರತಿಯ ತಟ್ಟೆ ಕೆಳಗಿಟ್ಟಳು. ೧೯೭೪ರ ಶ್ರಾವಣ. ಇಂಡಿ ಊರಿನ ಆ ಮನೆಗೆ ಅವಳ ಅತ್ತೆಯ ಕಾಲದಲ್ಲಿ ಬಂದ, ಕಲ್ಲಿನ ಅಚ್ಚಿನಿಂದ ಮುದ್ರಿಸಿದ ಕಲ್ಲಚ್ಚಿನ ಚಿತ್ರ ಅದು. ಒಡೆದ ಗಾಜು ಬದಲಿಸಲು ಸಿಂದಗಿಗೆ ಹೋಗಿ ಬಂದಿತ್ತು, ಅಷ್ಟೆ. ಈಗ ಸರಸ್ವತಿಯ ಮುಖ ನೀಲಿಗಟ್ಟಿತ್ತು.

ಸಂಜೆಯೊಳಗೆ, ಸಿಂದಗಿಯಲ್ಲಿ ಗಾಜು ಹಾಕಿದ ಮೋದಿನಸಾಬನನ್ನು ಇಂಡಿ ಠಾಣೆಯಲ್ಲಿ ಕೂಡಿಹಾಕಿದ್ದರು.

* * *

ಕೆಲವು ದಿನಗಳಲ್ಲೇ ಫೌಜದಾರ ಶ್ರೀಶೈಲಪ್ಪನಿಗೆ ತಲೆ ಕೆಟ್ಟುಹೋಗಿತ್ತು. ಮೋದಿನಸಾಬನ ಅಂಗಡಿ ಜಾಲಾಡಿದ್ದಾಯಿತು. ಏನೂ ಇಲ್ಲ. ಮುದ್ದೇಬಿಹಾಳದಲ್ಲಿ ಹಳೆಯ ಪಟ ಕೊಳ್ಳುವವನಿದ್ದಾನೆಂದು ಯಾರೋ ಹೇಳಿದರು. ಮಳೆಯಲ್ಲಿ ನೆನೆದು ಹೋದರೆ, ಆತ ಕ್ಯಾಲೆಂಡರು ಮಾರುವವ. ಬಸವನ ಬಾಗೇವಾಡಿಯ ಸುಳಿವೂ ಅಷ್ಟೇ ಟೊಳ್ಳು. ಮೇಲಧಿಕಾರಿ ರೇಗಿದ್ದರು.

ಠಾಣೆಯ ಬಾಗಿಲಲ್ಲಿ ಮೋದಿನಸಾಬನ ಹೆಂಡತಿ ಗೌಸಬಿ ಕೂತೇ ಇದ್ದಳು.

"ಪಟಾ ಸಿಗೂತನಾ ಇವರನ್ನ ಇಟಗೋತೀರಿ, ಸಾಹೇಬ್ರ. ಸಿಗದಿದ್ರ?"



* * *

ಮರುದಿನ ಮತ್ತೆ ಶಂಕ್ರೆವ್ವನ ಮನೆ. ಅವಳ ಮೈದುನ ಬಸಂತರಾಯ ಕಾಳಿನ ವ್ಯಾಪಾರಿ. ಪಟವನ್ನು ಸಿಂದಗಿಯಿಂದ ತಂದವನು ಅವನೇ. ವಯಸ್ಸಾದ ಪಟ ಬಣ್ಣ ಬಿಟ್ಟಿದೆ ಎಂದು ಮೊದಲು ಅಂದಿದ್ದ. ಶಂಕ್ರೆವ್ವ ಒಪ್ಪದಿದ್ದಾಗ ಸಾಬನೇ ಬದಲಿಸಿದ ಎಂದು ದೂರು ಕೊಟ್ಟವನೂ ಅವನೇ.

ಶ್ರೀಶೈಲಪ್ಪ ಮೊಳೆ ಕಿತ್ತು ಚೌಕಟ್ಟು ಬಿಚ್ಚಿದ. ಚಿತ್ರದ ಅಂಚು ನೋಡಿದ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದು ಅಂದು ಕೆಲಸಕ್ಕೆ ಬಂತು.

"ಚೌಕಟ್ಟಿನ ಕಟಗಿ ಕೆಳಗಿನ ಅಂಚಿಗೆ ಬಿಸಲು ತಾಗಂಗಿಲ್ಲ. ಅಲ್ಲಿ ಬಣ್ಣ ಉಳದಿರಬೇಕು. ಇಲ್ಲಿ ಅಂಚೂ ಬಿಳಚೈತಿ. ಅಂದ್ರ ಚೌಕಟ್ಟು ಇಲ್ಲದಂಗ ಬಿಸಲಿಗೆ ಹಾಕ್ಯಾರ."

ಹಳೆಯ ಕಲ್ಲಚ್ಚಿನ ಬಣ್ಣ ತಲೆಮಾರು ಬಾಳುತ್ತದೆ, ಇದು ಅಗ್ಗದ ಮರುಮುದ್ರಣ, ಇದರ ಕೆಂಪು ಒಂದೇ ಬೇಸಿಗೆಗೆ ಹಾರಿ ನೀಲಿಯಷ್ಟೇ ಉಳಿದಿದೆ ಎಂದು ಅವನು ವಿವರಿಸಿದ. ಹೊಸ ಪಟವನ್ನು ಹಳೆಯದಾಗಿಸಲು ಹೋದವರು ಅತಿ ಮಾಡಿದ್ದರು. ಮೋದಿನಸಾಬನ ಕೈಗೆ ಪಟ ಬಂದದ್ದೇ ಜಡಿಮಳೆಯ ವಾರದಲ್ಲಿ. ಬಿಸಿಲೇ ಇರಲಿಲ್ಲ.

ಅಂಚಿನ ನಾಲ್ಕು ಮೂಲೆಗಳಲ್ಲಿ ಮಾತ್ರ ಗಾಢವಾದ ಕೆಂಪು ಉಳಿದಿತ್ತು. ಗಾಳಿಗೆ ಹಾರದಂತೆ ಏನೋ ಹೇರಿಟ್ಟ ಗುರುತು. ಪ್ರತಿ ಗುರುತಿಗೂ ಆರು ಮೂಲೆ.

ಶಂಕ್ರೆವ್ವ ಬಗ್ಗಿ ಅದರ ಮೇಲೆ ಬೆರಳಿಟ್ಟಳು.

"ಇವು ನಿನ್ನ ತಕ್ಕಡಿ ಕಲ್ಲಲ್ಲೇನೋ, ಬಸಂತರಾಯ?"

ಅಂಗಡಿಯ ಕಬ್ಬಿಣದ ತೂಕದ ಕಲ್ಲುಗಳನ್ನು ತಂದಿಟ್ಟರು. ಗುರುತಿಗೆ ಸರಿಯಾಗಿ ಕೂತವು. ಬಸಂತರಾಯ ಬಾಯಿ ಬಿಟ್ಟ. ಸೊಲ್ಲಾಪುರದ ಗಿರಣಿ ಮಾಲಕ ಹಳೆಯ ಪಟಗಳ ಹುಚ್ಚ. ಅವನಿಗೆ ಕಾಣಿಕೆ ಕೊಟ್ಟರೆ ಆ ಗಿರಣಿಯ ಏಜೆನ್ಸಿ ಸಿಗುತ್ತಿತ್ತು. ಅದಕ್ಕಾಗಿ ಬಸಂತರಾಯ ತನ್ನ ಅಂಗಡಿಯ ಮಾಳಿಗೆಯ ಮೇಲೆ ಬೇಸಿಗೆಯೆಲ್ಲ ನಕಲು ಒಣಗಿಸಿ, ಗಾಜು ತಾನೇ ಒಡೆದು, ಸಿಂದಗಿಯಿಂದ ಬರುವ ದಾರಿಯಲ್ಲಿ ಬದಲಿಸಿದ್ದ. ಅಸಲು ಪಟ ಆಗಲೇ ಸೊಲ್ಲಾಪುರ ಸೇರಿತ್ತು. ಪರರಾಜ್ಯ. ಅದು ಮರಳಿ ಬರುವ ಭರವಸೆಯನ್ನು ಶ್ರೀಶೈಲಪ್ಪ ಕೊಡಲಿಲ್ಲ.

"ವೈನಿ, ಮನಿ ಮಾತು ಮನ್ಯಾಗ ಮುಗಸೂಣು," ಎಂದ ಬಸಂತರಾಯ.

"ಆ ಸಾಬನ್ನ ಒಳಗ ಹಾಕಿಸಿದಾಗ ಇದು ಮನಿ ಮಾತಾಗಿತ್ತೇನು?"

ಶಂಕ್ರೆವ್ವ ಸೆರಗು ಹೊದ್ದು ಹೊರಗೆ ಬಂದಳು. ಗೌಸಬಿ ಕೂತಿದ್ದ ಠಾಣೆಯ ಕಡೆಗೆ ಫೌಜದಾರನಿಗಿಂತ ಮುಂದೆ ನಡೆದಳು.